ತಳ ಹಿಡಿದ ಗಸಿ

(ಬರ್ಲಿನ್ನಿನಲ್ಲಿ ನಡೆದ ಕನ್ನಡ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ಕೂಟದಲ್ಲಿ ನನಗಿಂತ ಮೊದಲು ಮಾತನಾಡಿದವರು ಪೌರತ್ವದ ಬಗ್ಗೆ, ವಲಸೆ ಕಾರ್ಮಿಕರ ಬಗ್ಗೆ, ಪರದೇಶದಲ್ಲಿ ಭಾಷೆಯ ಅಳಿವು ಉಳಿವಿನ ಬಗ್ಗೆ ಮಾತನಾಡಿದ್ದಾರೆ. ಸಂಘಟಕರು ನನ್ನನ್ನು ಕರೆದಾಗ, ಈತ ಸೂಕ್ಷ್ಮಜೀವಿಗಳ ಮೇಲೆ ಸಂಶೋಧನೆ ಮಾಡುವವನು, ಏನಾದರೂ ಘನವಾದದ್ದನ್ನೇ ಹೇಳಿಯಾನು ಎಂದು ನಿರೀಕ್ಷಿಸಿರಬೇಕು. ನಾನು ಕೊಟ್ಟ ಶೀರ್ಷಿಕೆ ‘ತಳ ಹಿಡಿದ ಗಸಿ’. ಇದು ರೂಪಕವೇ ಎಂದು ಅವರು ಕೇಳಿದರು. ಅಲ್ಲ. ನನ್ನ ಮನೆಯ ನೆಲಮಾಳಿಗೆಯಲ್ಲಿರುವ, 30 ಲೀಟರ್ ಹಿಡಿಯುವ ಒಂದು ಉಕ್ಕಿನ ಪಾತ್ರೆಯ ತಳದಲ್ಲಿದ್ದ ನಿಜವಾದ ಗಸಿ. ಬಿಯರ್ ಹುದುಗಿಸುವ ಪಾತ್ರೆ ಅದು. ಅದನ್ನು ತೊಳೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ಈ ಸಂಜೆ ನಾನು ಹೇಳಲಿರುವುದು ಆ ಹನ್ನೊಂದು ದಿನಗಳ ಕಥೆಯನ್ನು.

ಪಾತ್ರೆ ನನ್ನದಲ್ಲ. ನಮ್ಮ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದ ವೃದ್ಧರೊಬ್ಬರದು. ಹಿಂದಿನ ಪೂರ್ವ ಬರ್ಲಿನ್ನಿನಲ್ಲಿ ಮುದ್ರಣಾಲಯದ ಕಾರ್ಮಿಕರಾಗಿದ್ದವರು. ಅವರ ಜೊತೆಗೇ ನಾನು ಈ ವಿದ್ಯೆಯನ್ನು ಕಲಿತದ್ದು: ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಸಿ ಸಿಹಿ ಇಳಿಸಿಕೊಂಡು, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿ ಎರಡು ವಾರ ಮುಚ್ಚಿಡುವುದು. ಜರ್ಮನಿಯಲ್ಲಿ ಮನೆಬಳಕೆಗೆಂದು ವರ್ಷಕ್ಕೆ 200 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಬಹುದಿತ್ತು. 2024ರ ಜನವರಿಯಿಂದ ಆ ಮಿತಿ 500 ಲೀಟರಿಗೆ ಏರಿದೆ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಟ್ಟಿ ಇಳಿಸುವುದಕ್ಕೂ ಬರಿದೇ ಹುದುಗಿಸುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದಿದೆ. ಆದರೂ ನೆಲಮಾಳಿಗೆಯಲ್ಲಿ ಪಾತ್ರೆಯ ಮುಂದೆ ಮಂಡಿಯೂರಿದಾಗಲೆಲ್ಲ ಅನ್ನಿಸುತ್ತಿತ್ತು: ಇದೇ ಭಂಗಿಯಲ್ಲಿ ನನ್ನೂರಿನ ಹೊರಗಿನ ಗುಡಿಸಲೊಂದರಲ್ಲಿ ಕೂತಿದ್ದರೆ ನಾನು ಆರೋಪಿ, ಇಲ್ಲಿ ಹವ್ಯಾಸಿ.

ಕಳೆದ ವರ್ಷ ಆ ವೃದ್ಧರು ವೃದ್ಧಾಶ್ರಮಕ್ಕೆ ಹೋದರು. ಹೋಗುವಾಗ ಪಾತ್ರೆಯನ್ನು ನನಗೆ ಕೊಟ್ಟು, “ಕೊನೆಯ ಮೂರು ನಾಲ್ಕು ಸಲ ಬಿಯರ್ ಹುಳಿಯಾಯಿತು. ನನ್ನ ನಾಲಗೆ ಕೆಟ್ಟಿರಬೇಕು, ವಯಸ್ಸಾಯಿತಲ್ಲ” ಎಂದರು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದೆ. ಅವರ ನಾಲಗೆ ಕೆಟ್ಟಿರಲಿಲ್ಲ.

ಒಳಗಿದ್ದುದು ಒಂದು ಬಗೆಯ ಕೊಳೆಯಲ್ಲ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಎಲ್ಲ ಕೊಳೆಯನ್ನೂ ‘ಕೊಳೆ’ ಎಂಬ ಒಂದೇ ಪದದಿಂದ ಕರೆಯುವವರು ಅದನ್ನು ಎಂದೂ ತೊಳೆದವರಲ್ಲ.

ಪಾತ್ರೆಯ ಮೇಲ್ಭಾಗದಲ್ಲಿ, ದ್ರವದ ಮಟ್ಟಕ್ಕಿಂತ ನಾಲ್ಕು ಬೆರಳು ಮೇಲೆ, ಸುತ್ತಲೂ ಕಂದು ಬಣ್ಣದ ಒಂದು ಬಳೆ ಇತ್ತು. ಹುದುಗುವಿಕೆ ಜೋರಾದ ಮೊದಲ ಮೂರು ದಿನಗಳಲ್ಲಿ ನೊರೆ ಉಕ್ಕಿ ಮೇಲೇರುತ್ತದೆ. ಆ ನೊರೆಗೆ ಜರ್ಮನರು ಕ್ರಾಯ್ಸೆನ್ ಎನ್ನುತ್ತಾರೆ. ನೊರೆ ಇಳಿಯುವಾಗ ಹಾಪ್ಸಿನ ಕಹಿ ಅಂಟನ್ನೂ ಬಾರ್ಲಿಯ ಪ್ರೋಟೀನನ್ನೂ ಸತ್ತ ಯೀಸ್ಟನ್ನೂ ಗೋಡೆಗೆ ಮೆತ್ತಿ ಹೋಗುತ್ತದೆ. ಒಣಗಿದರೆ ಅದು ಮರದ ಅರಗಿನಂತೆ ಗಟ್ಟಿ. ತಳದಲ್ಲಿದ್ದುದು ಮೆತ್ತಗಿನ ಗಸಿ: ಕೆಲಸ ಮುಗಿಸಿ ತಳಕ್ಕಿಳಿದ ಯೀಸ್ಟ್, ಅದರೊಂದಿಗೆ ಹಾಪ್ಸಿನ ಪುಡಿ. ಇದು ಹಸಿಯಿದ್ದಾಗ ತಣ್ಣೀರು ಹೊಯ್ದರೂ ಹೋಗುತ್ತದೆ. ಒಂದು ವಾರ ಬಿಟ್ಟರೆ ಅಂಟು. ಬಿಯರನ್ನು ಬಾಟಲಿಗೆ ತುಂಬಿದ ದಿನವೇ ಪಾತ್ರೆ ತೊಳೆಯಬೇಕೆಂದು ಹೇಳುವುದು ಇದಕ್ಕೇ. ತುಂಬಿದ ದಿನ ಎಲ್ಲರಿಗೂ ಕುಡಿಯುವ ಉತ್ಸಾಹವಿರುತ್ತದೆ, ತೊಳೆಯುವ ಉತ್ಸಾಹ ಇರುವುದಿಲ್ಲ.

ಇವೆರಡರ ಅಡಿಯಲ್ಲಿ ಮೂರನೆಯದೊಂದಿತ್ತು. ಪಾತ್ರೆ ಒದ್ದೆಯಿದ್ದಾಗ ಅದು ಕಾಣುವುದಿಲ್ಲ, ಉಕ್ಕು ಹೊಳೆಯುತ್ತಿರುವಂತೆಯೇ ತೋರುತ್ತದೆ. ಒಣಗಿದ ಮೇಲೆ ನಿಧಾನವಾಗಿ ಮೂಡುತ್ತದೆ: ಬೂದು ಬಿಳಿ, ಅಲ್ಲಲ್ಲಿ ಹಳದಿ. ಬೆರಳಾಡಿಸಿದರೆ ಮರಳುಕಾಗದದ ಒರಟು. ಇದಕ್ಕೆ ಇಲ್ಲಿನ ಹೆಸರು ‘ಬೀರ್‌ಶ್ಟೈನ್’, ಬಿಯರ್‌ಕಲ್ಲು ಎನ್ನೋಣ.

ಈಗ ನನ್ನ ಪ್ರತಾಪ. ನಾನು ಪಿಎಚ್‌ಡಿ ಮಾಡಿದ್ದು ಬಯೋಫಿಲ್ಮ್‌ಗಳ ಮೇಲೆ, ಎಂದರೆ ಸೂಕ್ಷ್ಮಜೀವಿಗಳು ಒಂದು ಮೇಲ್ಮೈಗೆ ಅಂಟಿಕೊಂಡು ತಮ್ಮ ಸುತ್ತ ತಾವೇ ಲೋಳೆಯ ಮನೆ ಕಟ್ಟಿಕೊಳ್ಳುವ ಬಗೆಯ ಮೇಲೆ. ಅಂಟಿದ್ದನ್ನು ಬಿಡಿಸುವುದೇ ನನ್ನ ಶಾಸ್ತ್ರ. ಹಾಗಾಗಿ ಧೈರ್ಯದಿಂದಲೇ ಆರಂಭಿಸಿದೆ.

ಮೊದಲ ರಾತ್ರಿ ಸೋಡಿಯಂ ಪರ್‌ಕಾರ್ಬೊನೇಟ್ ಹಾಕಿದೆ. ಬಟ್ಟೆಯ ಕಲೆ ತೆಗೆಯುವ ಪುಡಿಗಳಲ್ಲಿ ಇರುವುದೂ ಇದೇ. ಬಿಸಿನೀರಿಗೆ ಬಿದ್ದೊಡನೆ ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಸೋಡಾದ ಕ್ಷಾರ ಹಾಪ್ಸಿನ ಅಂಟನ್ನು ಕರಗಿಸುತ್ತದೆ: ಹಾಪ್ಸಿನ ಕಹಿ ವಸ್ತುಗಳು ಸ್ವತಃ ದುರ್ಬಲ ಆಮ್ಲಗಳು, ಕ್ಷಾರದಲ್ಲಿ ಅವು ಸುಲಭವಾಗಿ ನೀರಿಗಿಳಿಯುತ್ತವೆ. ಪೆರಾಕ್ಸೈಡಿನ ಗುಳ್ಳೆಗಳು ಪ್ರೋಟೀನನ್ನು ಸಡಿಲಿಸುತ್ತವೆ. ಬೆಳಿಗ್ಗೆ ನೋಡಿದರೆ ಕಂದು ಬಳೆ ಮಾಯ. ಉಜ್ಜಲೂ ಇಲ್ಲ. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ಟಾರ್ಚನ್ನು ನನ್ನ ಕೈಯಿಂದ ತೆಗೆದುಕೊಂಡು ತಳಕ್ಕೆ ಬಿಟ್ಟಳು. ಕಲ್ಲು ಇದ್ದಂತೆಯೇ ಇತ್ತು.

ಎರಡನೆಯ ರಾತ್ರಿ ಪುಡಿಯನ್ನು ಹೆಚ್ಚಿಸಿದೆ. ಮೂರನೆಯ ರಾತ್ರಿ ನೀರನ್ನು ಇನ್ನಷ್ಟು ಬಿಸಿ ಮಾಡಿದೆ. ಬೆಳಿಗ್ಗೆ ಬಿಳಿ ಪೊರೆ ಮೊದಲಿಗಿಂತ ದಪ್ಪವಾಗಿತ್ತು! ಇದರಲ್ಲಿ ಪವಾಡವೇನಿಲ್ಲ. ಬರ್ಲಿನ್ನಿನ ನಲ್ಲಿನೀರು ಗಡಸು. ಅದರ ಕ್ಯಾಲ್ಸಿಯಂ ಸೋಡಾದ ಜೊತೆ ಸೇರಿ ಸುಣ್ಣದ ಪೊರೆಯಾಗಿ ಕೂತಿತ್ತು. ಕೊಳೆ ತೆಗೆಯಲು ಹೋಗಿ ನಾನೇ ಒಂದು ಪದರ ಹೊಸ ಕೊಳೆಯನ್ನು ಬಳಿದಿದ್ದೆ. ವಿನಿಗರ್ ಸುರಿದೆ. ಚುರ್ರೆಂದು ನೊರೆ ಬಂದು ಪೊರೆ ಕರಗಿತು. ಗೆದ್ದೆನೆಂದುಕೊಂಡೆ. ಕರಗಿದ್ದು ಮಾತ್ರ ನಾನು ಬಳಿದ ಪದರ. ಅಡಿಯ ಕಲ್ಲು ಅಲುಗಲಿಲ್ಲ.

ಉಕ್ಕಿನ ನಾರು ತೆಗೆದುಕೊಂಡು ಉಜ್ಜಿಬಿಡಲೇ ಎಂಬ ಆಸೆ ಬಂತು. ಮಾಡಲಿಲ್ಲ. ಸಾಮಾನ್ಯ ಉಕ್ಕಿನ ನಾರಿನ ಚೂರುಗಳು ತುಕ್ಕು ಹಿಡಿಯದ ಉಕ್ಕಿನ ಮೈಯಲ್ಲಿ ಸಿಕ್ಕಿಕೊಂಡು ತಾವು ತುಕ್ಕು ಹಿಡಿಯುತ್ತವೆ. ಅದಕ್ಕಿಂತ ಮುಖ್ಯವಾಗಿ, ಪ್ರತಿ ಗೀರೂ ಬ್ಯಾಕ್ಟೀರಿಯಾಕ್ಕೆ ಒಂದು ಕೋಣೆ. ಪ್ಲಾಸ್ಟಿಕ್ ಪಾತ್ರೆಗಳಿಗಂತೂ ಒರಟು ಬ್ರಷ್ ಮುಟ್ಟಿಸಲೇಬಾರದು. ಗೀರು ಬಿದ್ದ ಪ್ಲಾಸ್ಟಿಕ್ಕನ್ನು ತೊಳೆಯುವುದಕ್ಕಿಂತ ಬದಲಾಯಿಸುವುದು ಲೇಸು. ಗಾಜಿನ ಬುಡ್ಡಿ ಇರುವವರು ತಣ್ಣಗಿನ ಗಾಜಿಗೆ ಕುದಿನೀರು ಹೊಯ್ಯಬೇಡಿ, ಒಡೆದರೆ ಕೈ ಕಾಲು ಸೀಳುತ್ತದೆ.

ಆರನೆಯ ದಿನ ಸೋಮವಾರ. ಪ್ರಯೋಗಾಲಯಕ್ಕೆ ಹೋದೆ.

ನಮ್ಮ ವಿಭಾಗದ ನೆಲಮಹಡಿಯಲ್ಲಿ ಒಂದು ತೊಳೆಯುವ ಕೋಣೆಯಿದೆ. ಇಲ್ಲಿನ ಎಲ್ಲ ಜೀವವಿಜ್ಞಾನ ವಿಭಾಗಗಳಲ್ಲೂ ಇರುತ್ತದೆ. ನಾವು ಸಂಜೆ ತಳ್ಳುಗಾಡಿಯ ಮೇಲೆ ಎಂಜಲು ಗಾಜುಗಳನ್ನು ಇಟ್ಟು ಹೋಗುತ್ತೇವೆ, ಬೆಳಿಗ್ಗೆ ಅವು ಕಪಾಟಿನಲ್ಲಿ ಹೊಳೆಯುತ್ತಿರುತ್ತವೆ. ಅಲ್ಲಿ ಕೆಲಸ ಮಾಡುವವರು ತುರ್ಕಿಯಿಂದ ಚಿಕ್ಕಂದಿನಲ್ಲೇ ತಂದೆಯೊಂದಿಗೆ ಬಂದ ಮಹಿಳೆ. ತಂದೆ ಕಾರ್ಖಾನೆಯಲ್ಲಿ ದುಡಿಯಲು ಕರೆತಂದ ‘ಅತಿಥಿ ಕಾರ್ಮಿಕ’. ಹದಿನೈದು ವರ್ಷಗಳಿಂದ ನನಗೆ ಅವರ ಪರಿಚಯ. ಪರಿಚಯ ಎಂದರೆ ನಮಸ್ಕಾರ, ಹವಾಮಾನ, ‘ದೊಡ್ಡ ಫ್ಲಾಸ್ಕ್ ನಾಳೆಗೆ ಸಿಗುತ್ತದೆಯೇ?’ ಅಷ್ಟೇ.

ಅಂದು ಫೋನಿನಲ್ಲಿದ್ದ ಪಾತ್ರೆಯ ಚಿತ್ರವನ್ನು ಅವರಿಗೆ ತೋರಿಸಿದೆ. ಏಕೆ ತೋರಿಸಿದೆನೋ ಹೇಳಲಾರೆ, ಬಹುಶಃ ನಗಿಸಲೆಂದು. ಅವರು ಕನ್ನಡಕ ಹಾಕಿಕೊಂಡು ನೋಡಿ, “ಏನು ಹಾಕಿದಿರಿ, ಹೆರ್ ಡಾಕ್ಟರ್?” ಎಂದರು. ಹೇಳಿದೆ. “ಇನ್ನು ಕ್ಷಾರ ಸಾಕು ಮಾಡಿ. ಅದು ಕೊಳೆಯಲ್ಲ, ಕಲ್ಲು. ಕಲ್ಲಿಗೆ ಆಮ್ಲ. ವಿನಿಗರ್ ಅಲ್ಲ, ಅದು ಚಹಾ ಕೆಟಲಿಗೆ ಸರಿ. ಯಂತ್ರಕ್ಕೆ ಹಾಕುವಂಥದ್ದು ಬೇಕು. ಒಂದು ಸಲಕ್ಕೆ ಹೋಗುವುದಿಲ್ಲ. ಒಮ್ಮೆ ಇದು, ಒಮ್ಮೆ ಅದು, ನಡುವೆ ನೀರು. ಈರುಳ್ಳಿ ಬಿಡಿಸಿದ ಹಾಗೆ.” ಇಷ್ಟು ಹೇಳಿ ತಮ್ಮ ಕೆಲಸಕ್ಕೆ ತಿರುಗಿದರು.

ಪ್ರಯೋಗಾಲಯದ ಗಾಜು ತೊಳೆಯುವ ಯಂತ್ರ ಮೊದಲು ಕ್ಷಾರದಲ್ಲಿ ತೊಳೆದು, ಆಮೇಲೆ ಆಮ್ಲದಲ್ಲಿ ಜಾಲಿಸಿ, ಕೊನೆಗೆ ಶುದ್ಧ ನೀರು ಹಾಯಿಸುತ್ತದೆ. ಆ ಯಂತ್ರದ ಗಾಜುಗಳನ್ನು ಹದಿನೈದು ವರ್ಷ ಬಳಸಿದ್ದೇನೆ. ಅದರೊಳಗೆ ಏನು ನಡೆಯುತ್ತದೆಂದು ಒಮ್ಮೆಯೂ ಕೇಳಿರಲಿಲ್ಲ.

ಮೇಲೆ ಹೋಗಿ ಪುಸ್ತಕ ತೆರೆದರೆ ಅವರು ಹೇಳಿದ್ದೇ ಇತ್ತು. ಬಾರ್ಲಿಯ ಮೊಳಕೆಯಿಂದ ಆಕ್ಸಾಲಿಕ್ ಆಮ್ಲ ಬರುತ್ತದೆ, ನೀರಿನಿಂದ ಕ್ಯಾಲ್ಸಿಯಂ ಬರುತ್ತದೆ, ಎರಡೂ ಕೂಡಿ ಕ್ಯಾಲ್ಸಿಯಂ ಆಕ್ಸಲೇಟ್. ಅದರ ಹರಳುಗಳ ನಡುವೆ ಪ್ರೋಟೀನ್ ಗಾರೆಯಂತೆ ಕೂರುತ್ತದೆ. ಈ ಲವಣ ನಮಗೆ ಅಪರಿಚಿತವಲ್ಲ. ಕೆಸುವಿನ ಎಲೆ ಗಂಟಲಲ್ಲಿ ತುರಿಸುವುದು ಇದರ ಸೂಜಿಗಳಿಂದ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಇದೇ. ನೀರಿಗೆ ಕರಗದು, ಕ್ಷಾರಕ್ಕೆ ಜಗ್ಗದು. ವಿನಿಗರಿನ ಅಸೆಟಿಕ್ ಆಮ್ಲ ಆಕ್ಸಾಲಿಕ್ ಆಮ್ಲಕ್ಕಿಂತ ದುರ್ಬಲವಾದ್ದರಿಂದ ಅದಕ್ಕೂ ಸೋಲದು. ಫಾಸ್ಫಾರಿಕ್, ನೈಟ್ರಿಕ್‌ನಂಥ ಬಲವಾದ ಆಮ್ಲ ಬೇಕು. ನಡುವಿನ ಪ್ರೋಟೀನಿಗೆ ಮತ್ತೆ ಕ್ಷಾರ. ಆದ್ದರಿಂದಲೇ ಸರದಿ. ಇನ್ನೊಂದು ಮಾತು: ಆಮ್ಲ, ಕ್ಷಾರಗಳನ್ನು ಅಳೆಯಲು ನಾವಿಂದು ಬಳಸುವ ಪಿಎಚ್ ಮಾನವನ್ನು 1909ರಲ್ಲಿ ರೂಪಿಸಿದ ಸೊರೆನ್ಸನ್ ಕೆಲಸ ಮಾಡುತ್ತಿದ್ದುದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ, ಅಂದರೆ ಒಂದು ಬಿಯರ್ ಕಾರ್ಖಾನೆ ಕಟ್ಟಿದ ಪ್ರಯೋಗಾಲಯದಲ್ಲಿ. ಅದೇ ಸಂಸ್ಥೆಯಲ್ಲಿ 1883ರಲ್ಲಿ ಹ್ಯಾನ್ಸನ್ ಯೀಸ್ಟಿನ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಶುದ್ಧ ತಳಿಯನ್ನು ಬೆಳೆಸಿದ. ವಿಜ್ಞಾನದ ಚರಿತ್ರೆಯಲ್ಲಿ ಈ ಹೆಸರುಗಳಿವೆ. ಅವರ ಗಾಜುಗಳನ್ನು ತೊಳೆದವರು ಯಾರೋ!

ಹೋಮ್‌ಬ್ರೂ ಅಂಗಡಿಯಲ್ಲಿ ಫಾಸ್ಫಾರಿಕ್ ಆಮ್ಲದ ಶುಚಿದ್ರವ ಸಿಕ್ಕಿತು. ಕೈಗವಸು, ಕನ್ನಡಕ ಹಾಕಿಕೊಂಡು, ನೀರಿಗೆ ಆಮ್ಲವನ್ನು ಬೆರೆಸಿದೆ. ಆಮ್ಲಕ್ಕೆ ನೀರು ಹೊಯ್ಯುವಂತಿಲ್ಲ. ಅರ್ಧ ಗಂಟೆ ಬಿಟ್ಟು ಮೆತ್ತಗಿನ ಬಟ್ಟೆಯಿಂದ ಒರೆಸಿದೆ. ಬಟ್ಟೆಗೆ ಹಳದಿ ಹಿಟ್ಟು ಬಂತು. ಆರು ದಿನಗಳಲ್ಲಿ ಮೊದಲ ಬಾರಿಗೆ ಕಲ್ಲು ಸೋತಿತ್ತು. ತೊಳೆದು ಮತ್ತೆ ಕ್ಷಾರ, ಮತ್ತೆ ನೀರು, ಮತ್ತೆ ಆಮ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಿಮ್ಮಲ್ಲಿ ಯಾರಾದರೂ ಇದನ್ನು ಮನೆಯಲ್ಲಿ ಮಾಡಬಹುದು. ಬಾತ್‌ರೂಮಿನ ಬ್ಲೀಚನ್ನು ಯಾವ ಆಮ್ಲದ ಜೊತೆಗೂ ಬೆರೆಸಬೇಡಿ. ಏಳುವುದು ಕ್ಲೋರಿನ್ ಅನಿಲ. ಉಕ್ಕಿನ ಪಾತ್ರೆಗೆ ಬ್ಲೀಚೇ ಬೇಡ, ಅದರ ಕ್ಲೋರೈಡ್ ಉಕ್ಕಿನಲ್ಲಿ ಸಣ್ಣ ಗುಳಿಗಳನ್ನು ಕೊರೆಯುತ್ತದೆ. ಪಾತ್ರೆಯಲ್ಲಿ ಅದು ಉಳಿದು ಬಿಯರಿಗೆ ಸೇರಿದರೆ ಆಸ್ಪತ್ರೆಯ ವಾಸನೆ. ಅಲ್ಯೂಮಿನಿಯಂ ಪಾತ್ರೆಗೆ ಬಲವಾದ ಕ್ಷಾರ ಬೇಡ.

ಮೂರನೆಯ ಸರದಿಯಲ್ಲಿ ಆಮ್ಲ ನೆನೆಯುತ್ತಿದ್ದಾಗ ಸುಮ್ಮನೆ ನೆಲದ ಮೇಲೆ ಕೂತಿದ್ದೆ. ಬೂದಿ, ಆಮೇಲೆ ಹುಣಸೆಹಣ್ಣು ಎಂಬುದು ಆಗ ನೆನಪಾಯಿತು.

ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ, ನಮ್ಮ ಮನೆಯ ಹಿತ್ತಲಿನ ಕಲ್ಲುಹಾಸಿನ ಮೇಲೆ ಬೆಳಿಗ್ಗೆ ಸಂಜೆ ಒಬ್ಬರು ಪಾತ್ರೆ ಬೆಳಗುತ್ತಿದ್ದರು. ‘ಮುಸುರೆಯವಳು’ ಎನ್ನುತ್ತಿದ್ದರು ಮನೆಯಲ್ಲಿ. ನನ್ನ ಅಜ್ಜಿಯ ವಯಸ್ಸಿನವರು. ಐದು ವರ್ಷದ ನಾನೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆ. ಅವರು ನನಗೆ ಬಹುವಚನ ಹಚ್ಚುತ್ತಿದ್ದರು. ಜಿಡ್ಡಿನ ಬಾಣಲೆಗೆ ಒಲೆಯ ಬೂದಿ, ಕಿಲುಬು ಹಿಡಿದ ಹಿತ್ತಾಳೆಗೆ ಹುಣಸೆಹಣ್ಣು, ಎರಡೂ ಇದ್ದ ಪಾತ್ರೆಗೆ ಮೊದಲು ಬೂದಿ, ನೀರು ಹಾಕಿ ಜಾಲಿಸಿ ಆಮೇಲೆ ಹುಣಸೆ. ಒಟ್ಟಿಗೇ ಹಚ್ಚಿದರೆ ಒಂದನ್ನೊಂದು ತಿಂದುಹಾಕುತ್ತವೆ ಎಂದು ಅವರು ಹೇಳಿದ್ದು ನೆನಪಿದೆ. ಬೂದಿಯಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟ್, ಕ್ಷಾರ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಒಂದನ್ನೊಂದು ತಿಂದುಹಾಕುವುದಕ್ಕೆ ನಾವು ತಟಸ್ಥೀಕರಣ ಎನ್ನುತ್ತೇವೆ, ಹತ್ತನೆಯ ತರಗತಿಯಲ್ಲಿ ಅದಕ್ಕೆ ಎರಡು ಅಂಕ.

ಇಲ್ಲಿ ನನ್ನನ್ನು ತಪ್ಪು ತಿಳಿಯಬೇಡಿ. ‘ನಮ್ಮ ಪೂರ್ವಿಕರಿಗೆ ಎಲ್ಲವೂ ಗೊತ್ತಿತ್ತು’ ಎಂಬ ಭಜನೆಗೆ ತಾಳ ಹಾಕಲು ನಾನು ಬಂದಿಲ್ಲ. ಹುಣಸೆಹಣ್ಣಿನಿಂದ ಬಿಯರ್‌ಕಲ್ಲು ಹೋಗುವುದಿಲ್ಲ. ಆಮೇಲೊಂದು ದಿನ ಕುತೂಹಲಕ್ಕೆ ಒಂದು ಮೂಲೆಯಲ್ಲಿ ಹಚ್ಚಿ ನೋಡಿದೆ, ಪಾತ್ರೆಗೆ ರಸಂ ವಾಸನೆ ಬಂತು ಅಷ್ಟೇ. ಆ ಭಜನೆ ಹಾಡುವವರು ‘ಪೂರ್ವಿಕರು’ ಎನ್ನುವಾಗ ಹಿತ್ತಲಿನ ಆ ಹೆಂಗಸನ್ನು ಲೆಕ್ಕಕ್ಕೆ ಹಿಡಿದಿರುವುದೂ ಇಲ್ಲ. ನಾನು ಹೇಳುತ್ತಿರುವುದು ಇಷ್ಟೇ: ಬರಿಗೈಯಲ್ಲಿ ದಿನಕ್ಕೆ ಎರಡು ಹೊತ್ತು ಕೊಳೆಯನ್ನು ಮುಟ್ಟಿದವರಿಗೆ ಅದರ ಬಗೆಗಳು ತಿಳಿದಿದ್ದವು. ಮುಟ್ಟದವರಾದ ನಮಗೆ ಅದು ಒಂದೇ ಬಗೆಯದಾಗಿ ಕಾಣುತ್ತಿತ್ತು.

ಬಿಯರ್ ತಯಾರಿಸುವವರು ಮೊದಲ ದಿನವೇ ಕಲಿಯುವ ಪಾಠವೊಂದಿದೆ: ಶುಚಿ ಮಾಡುವುದು ಬೇರೆ, ನಿರ್ಜಂತು ಮಾಡುವುದು ಬೇರೆ. ಕೊಳೆ ಇರುವ ಕಡೆ ಎಂಥ ಜಂತುನಾಶಕ ಹಾಕಿದರೂ ಅದು ಮೇಲಿನ ಪದರವನ್ನಷ್ಟೇ ಮುಟ್ಟುತ್ತದೆ. ಕಲ್ಲಿನ ರಂಧ್ರಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಸುಖವಾಗಿರುತ್ತವೆ, ಮುಂದಿನ ಬಿಯರಿಗೆ ಇಳಿದು ಹುಳಿ ಮಾಡುತ್ತವೆ. ನಮ್ಮ ವೃದ್ಧರ ಬಿಯರಿಗೆ ಆದದ್ದು ಅದೇ. ಅವರು ಪ್ರತಿ ಬಾರಿಯೂ ಜಂತುನಾಶಕ ಹಾಕುತ್ತಿದ್ದರು, ಕಲ್ಲನ್ನು ತೆಗೆಯುತ್ತಿರಲಿಲ್ಲ. ಆದ್ದರಿಂದ ಮೊದಲು ಶುಚಿ, ಆಮೇಲೆ ನಿರ್ಜಂತು.

ನಮ್ಮ ಮನೆಯಲ್ಲಿ ಮೂರನೆಯದೊಂದಿತ್ತು. ಆಕೆ ಹೊಳೆಯುವಂತೆ ಬೆಳಗಿ, ಹಿತ್ತಲ ಕಟ್ಟೆಯ ಮೇಲೆ ಕವುಚಿ ಹಾಕಿ ಹೋದ ಪಾತ್ರೆಗಳಿಗೆ ನನ್ನ ಅಜ್ಜಿ ಇನ್ನೊಮ್ಮೆ ನೀರು ಹೊಯ್ದು ಒಳಗೆ ತರುತ್ತಿದ್ದರು. ಆ ನೀರು ತಣ್ಣೀರು. ಬೂದಿಯಿಲ್ಲ, ಹುಣಸೆಯಿಲ್ಲ, ಕುದಿಸಿಯೂ ಇಲ್ಲ. ಅದು ಯಾವ ಕೊಳೆಯನ್ನೂ ತೆಗೆಯುತ್ತಿರಲಿಲ್ಲ, ಯಾವ ಜಂತುವನ್ನೂ ಕೊಲ್ಲುತ್ತಿರಲಿಲ್ಲ. ಅದು ತೊಳೆಯುತ್ತಿದ್ದುದು ಒಂದನ್ನೇ: ಆಕೆಯ ಕೈಯನ್ನು. ಆಕೆ ಕಾಫಿ ಕುಡಿಯುವ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿರುತ್ತಿತ್ತು. ಅದನ್ನು ಮಾತ್ರ ಅವರೇ ತೊಳೆದು ಅಲ್ಲೇ ಇಡಬೇಕು. ನನ್ನ ಅಜ್ಜಿ ಕೆಟ್ಟವರಾಗಿರಲಿಲ್ಲ. ಆಕೆಗೆ ಜ್ವರ ಬಂದಾಗ ಗಂಜಿ ಕಳಿಸುತ್ತಿದ್ದರು, ಮಗಳ ಮದುವೆಗೆ ಸೀರೆ ಕೊಟ್ಟರು. ಆದರೂ ಆ ಒಂದು ಚೊಂಬು ನೀರು ನಿಲ್ಲಲಿಲ್ಲ. ಅಜ್ಜಿ ಹೋದ ಮೇಲೆ ಅಮ್ಮ ಹೊಯ್ದರು. ಸ್ಟೀಲ್ ಪಾತ್ರೆ, ಸೋಪು ಬಂದ ಮೇಲೆ ಅಮ್ಮ ನಿಲ್ಲಿಸಿದರು. ಆಗಲೂ ಲೋಟ ಗೂಡಿನಲ್ಲೇ ಉಳಿಯಿತು.

ನಾನು ಮೂವತ್ತು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಬಯೋಫಿಲ್ಮಿನ ಮೇಲೆ 11 ಪ್ರಬಂಧ ಬರೆದಿದ್ದೇನೆ.

ಮನೆಯ ಪಾತ್ರೆಗೆ ಕೈ ಹಾಕಿ ತೊಳೆಯಬಹುದು. ದೊಡ್ಡ ಬ್ರೂವರಿಗಳಲ್ಲಿ ಹಾಗಲ್ಲ. ಅಲ್ಲಿ ಹಿಂದೆ ತೊಟ್ಟಿಯೊಳಗೆ ಮನುಷ್ಯರೇ ಇಳಿದು ಉಜ್ಜುತ್ತಿದ್ದರು. ನಾನು ತಯಾರಿಸುವ 20 ಲೀಟರ್ ಬಿಯರ್ ಹುದುಗುವಾಗ ಸುಮಾರು 400 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ತೊಟ್ಟಿಗಳ ಲೆಕ್ಕ ನೀವೇ ಹಾಕಿಕೊಳ್ಳಿ. ಅನಿಲ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಇಳಿದವರು ಉಸಿರುಗಟ್ಟಿ ಸಾಯುತ್ತಿದ್ದರು, ಎತ್ತಲು ಇಳಿದ ಎರಡನೆಯವರೂ ಸಾಯುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ, ಮೊದಲು ಹಾಲಿನ ಡೇರಿಗಳಲ್ಲಿ, ಆಮೇಲೆ ಬ್ರೂವರಿಗಳಲ್ಲಿ ಹೊಸ ವ್ಯವಸ್ಥೆ ಬಂತು: ತೊಟ್ಟಿಯ ನೆತ್ತಿಯಲ್ಲಿ ರಂಧ್ರಗಳ ಒಂದು ಉಕ್ಕಿನ ಚೆಂಡು, ಅದರಿಂದ ಕ್ಷಾರ, ನೀರು, ಆಮ್ಲ ಸರದಿಯಂತೆ ಚಿಮ್ಮಿ ಗೋಡೆಗಳನ್ನು ತೊಳೆಯುತ್ತವೆ. ಯಾರೂ ಇಳಿಯಬೇಕಿಲ್ಲ. ತಂತ್ರಜ್ಞಾನ ಅಷ್ಟೇನೂ ಜಟಿಲವಲ್ಲ. ಒಂದು ಪಂಪು, ಒಂದು ಕೊಳವೆ, ಒಂದು ಚೆಂಡು.

ನಮ್ಮ ನಗರಗಳ ಮ್ಯಾನ್‌ಹೋಲುಗಳಲ್ಲೂ ಅನಿಲ ನಿಲ್ಲುತ್ತದೆ. ಅಲ್ಲೂ ಒಬ್ಬರ ಹಿಂದೆ ಒಬ್ಬರು ಇಳಿದು ಸಾಯುತ್ತಾರೆ. 1993ರಲ್ಲಿ ಒಂದು ಕಾಯ್ದೆ, 2013ರಲ್ಲಿ ಇನ್ನೂ ಬಲವಾದ ಕಾಯ್ದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪರಿಹಾರದ ಮೊತ್ತವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಬಿಯರಿನ ತೊಟ್ಟಿಗೆ ಮನುಷ್ಯರನ್ನು ಇಳಿಸದಿರಲು ಸಾಧ್ಯವಾದ ಜಗತ್ತಿನಲ್ಲಿ ನಾವು ಸಾವಿನ ದರವನ್ನು ಪರಿಷ್ಕರಿಸುತ್ತಿದ್ದೇವೆ. ಎರಡೂ ಕಡೆ ರಸಾಯನಶಾಸ್ತ್ರ ಒಂದೇ, ಇಳಿಯುವವರ ಜಾತಿ ಬೇರೆ.

ಈ ಮಾತು ಬಂದಾಗ ಬಿ. ಬಸವಲಿಂಗಪ್ಪನವರು ನೆನಪಾಗದೆ ಇರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಮಂತ್ರಿಯಾಗಿ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದವರು ಅವರು. ಅವರನ್ನು ನಾವು ಹೆಚ್ಚಾಗಿ ನೆನೆಯುವುದು ಮಾತ್ರ 1973ರ ‘ಬೂಸಾ’ ಗಲಾಟೆಗೆ. ಸಿಹಿ ಇಳಿಸಿಕೊಂಡ ಮೇಲೆ ಉಳಿಯುವ ಬಾರ್ಲಿಯ ಹೊಟ್ಟು ಕೂಡ ಅಪ್ಪಟ ಬೂಸಾ, ಇಲ್ಲಿಯೂ ಅದನ್ನು ದನಗಳಿಗೇ ಹಾಕುತ್ತಾರೆ. ಒಂದು ಪದಕ್ಕೆ ಊರೆಲ್ಲ ಉರಿದ ನಾವು, ಅವರು ಇಳಿಸಿದ ಮಲದ ಬುಟ್ಟಿಗೆ ಒಂದು ಸಭೆಯನ್ನೂ ಮಾಡಲಿಲ್ಲ.

ಗಸಿಯನ್ನೆಲ್ಲ ಶತ್ರು ಎಂದು ಚಿತ್ರಿಸಿದೆನೇನೋ. ಹಾಗಲ್ಲ. ಕರಾವಳಿಯ ಕಳ್ಳಿನ ಮಡಕೆಯಲ್ಲಿ ಹಿಂದಿನ ದಿನದ ಗಸಿಯೇ ಇಂದಿನ ಹುದುಗಿಗೆ ಬೀಜ. ಹುಳಿಯಾಗದ ನೀರಾ ಬೇಕಾದಾಗ ಮಡಕೆಯನ್ನು ತೊಳೆದು ಒಳಗೆ ಸುಣ್ಣ ಸವರುತ್ತಾರೆ. ನಾರ್ವೆಯ ಹಳ್ಳಿಗಳಲ್ಲಿ ತಳದ ಯೀಸ್ಟನ್ನು ಮರದ ಬಳೆಗಳ ಮೇಲೆ ಒಣಗಿಸಿ ತಲೆಮಾರುಗಳ ಕಾಲ ಕಾದಿಟ್ಟರು. 1516ರ ಬವೇರಿಯಾದ ಪ್ರಸಿದ್ಧ ‘ಶುದ್ಧತೆಯ ಕಾನೂನು’ ನೀರು, ಬಾರ್ಲಿ, ಹಾಪ್ಸ್ ಎಂದು ಮೂರನ್ನೇ ಹೇಳುತ್ತದೆ. ಯೀಸ್ಟಿನ ಹೆಸರೇ ಇಲ್ಲ. ಶುದ್ಧತೆಯ ಬಗ್ಗೆ ಕಾನೂನು ಬರೆದವರ ಕಣ್ಣಿಗೆ ಕೆಲಸ ಮಾಡುತ್ತಿದ್ದ ಗಸಿ ಬೀಳಲಿಲ್ಲ.

ಹನ್ನೊಂದನೆಯ ದಿನ ಪಾತ್ರೆ ಒಣಗಿದ ಮೇಲೂ ಹೊಳೆಯುತ್ತಿತ್ತು. ನಲ್ಲಿಯನ್ನು ಬಿಚ್ಚಿದೆ, ಅದರ ಮರೆಯ ಸುತ್ತುಗಳಲ್ಲಿ ಇನ್ನೂ ಅಷ್ಟು ಗಸಿ ಕೂತಿತ್ತು. ಪಾತ್ರೆ ತೊಳೆದು ನಲ್ಲಿ ಬಿಚ್ಚದವರು ಅರ್ಧ ಕೆಲಸವನ್ನಷ್ಟೇ ಮಾಡಿರುತ್ತಾರೆ. ಆಮೇಲೆ ಅದರಲ್ಲಿ ಬಿಯರ್ ಮಾಡಿದೆ. ಹುಳಿಯಾಗಲಿಲ್ಲ. ಎರಡು ಬಾಟಲಿಗಳನ್ನು ವೃದ್ಧಾಶ್ರಮಕ್ಕೆ ಒಯ್ದೆ. ಅವರು ಒಂದು ಗುಟುಕು ಕುಡಿದು, ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ನಾಲಗೆ ಸರಿಯಿದೆ” ಎಂದರು.

ನನ್ನ ಪಿಎಚ್‌ಡಿ ಪ್ರಬಂಧದ ಕೃತಜ್ಞತೆಯ ಪುಟವನ್ನು ತೆಗೆದು ನೋಡಿದೆ. 23 ಜನರ ಹೆಸರಿದೆ. ಮಾರ್ಗದರ್ಶಕರು, ಹಣ ಕೊಟ್ಟ ಸಂಸ್ಥೆ, ಗೆಳೆಯರು, ತಮಾಷೆಗೆಂದು ಮೂರನೆಯ ಮಹಡಿಯ ಕಾಫಿ ಯಂತ್ರ. ತೊಳೆಯುವ ಕೋಣೆ ಇಲ್ಲ. ಅಚ್ಚಾದದ್ದನ್ನು ತಿದ್ದಲಾಗದು. ಆ ವಾರ ನೆಲಮಹಡಿಗೆ ಹೋಗಿ, ಪಾತ್ರೆ ಶುಚಿಯಾಯಿತೆಂದು ಹೇಳಿ, ಒಂದು ಬಾಟಲಿ ಬಿಯರನ್ನು ಮುಂದಿಟ್ಟೆ. ಅವರು ನಕ್ಕರು. “ನಾನು ಕುಡಿಯುವುದಿಲ್ಲ, ಹೆರ್ ಡಾಕ್ಟರ್. ಆದರೆ ಈ ಬಾಟಲಿ ಚೆನ್ನಾಗಿದೆ, ಮುಚ್ಚಳ ಗಟ್ಟಿ. ನನ್ನ ದಾಳಿಂಬೆ ರಸಕ್ಕೆ ಬೇಕು. ಖಾಲಿಯಾದ ಮೇಲೆ ಕೊಡಿ. ತೊಳೆದು ಕೊಡಿ.”

ನಾಲ್ಕು ಬಾಟಲಿ ತೊಳೆದೆ. ಕ್ಷಾರ, ನೀರು, ಆಮ್ಲ, ನೀರು, ಯಾವುದನ್ನೂ ಬಿಡಲಿಲ್ಲ. ಅವರು ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಕಣ್ಣು ಕಿರಿದಾಗಿಸಿ ನೋಡಿದರು. ಮೂರನ್ನು ಚೀಲಕ್ಕೆ ಹಾಕಿಕೊಂಡರು. ನಾಲ್ಕನೆಯದನ್ನು ನನ್ನ ಕೈಗೆ ವಾಪಸು ಕೊಟ್ಟು, ಹೆಗಲಿನ ತಿರುವಿನಲ್ಲಿ ಕೂದಲೆಳೆಯಷ್ಟು ತೆಳ್ಳಗಿದ್ದ ಒಂದು ಬಳೆಯನ್ನು ಬೆರಳಿನಿಂದ ತೋರಿಸಿದರು. ಅದು ಈಗ ನನ್ನ ಅಡುಗೆಮನೆಯ ಸಿಂಕಿನಲ್ಲಿ ನೆನೆಯುತ್ತಿದೆ.